ಸರ್ವಿಸ್ ಮೆಶ್‌ನಲ್ಲಿ ರಿಕ್ವೆಸ್ಟ್ ಟ್ರೇಸಿಂಗ್ ಅಳವಡಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ವಿಸ್‌ಗಳ ನಡುವಿನ ಕರೆಗಳನ್ನು ಪ್ರಾಕ್ಸಿಗಳ ಮೂಲಕ ಹಾಯಿಸಿ ನಿರ್ವಹಿಸುವ ಪದರವೇ ಸರ್ವಿಸ್ ಮೆಶ್; ಒಂದು ರಿಕ್ವೆಸ್ಟ್ ಯಾವ ಯಾವ ಸರ್ವಿಸ್‌ಗಳನ್ನು ಹಾದುಹೋಯಿತು, ಎಲ್ಲಿ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ದಾಖಲಿಸುವುದೇ ಟ್ರೇಸಿಂಗ್. ಇಲ್ಲಿನ ಉತ್ತರಗಳನ್ನು ಕುಬರ್ನೆಟೀಸ್ (ಕಂಟೇನರ್‌ಗಳನ್ನು ಓಡಿಸಿ ನಿರ್ವಹಿಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ ಇಸ್ಟಿಯೊ ಮೆಶ್ ಇದೆ, ಪ್ರತಿ ಪಾಡ್‌ನ (ಅಪ್ಲಿಕೇಶನ್ ಓಡುವ ಕಂಟೇನರ್ ಗುಂಪು) ಜೊತೆಗೆ ಎನ್ವಾಯ್ ಸೈಡ್‌ಕಾರ್ ಪ್ರಾಕ್ಸಿ, ಅಂದರೆ ಅದರ ಒಳಬರುವ, ಹೊರಹೋಗುವ ಕರೆಗಳ ನಡುವೆ ನಿಲ್ಲುವ ತಂತ್ರಾಂಶ, ಓಡುತ್ತಿದೆ ಎಂದು ಭಾವಿಸಿ ಬರೆಯಲಾಗಿದೆ. ಬೇರೆ ಮೆಶ್ ಬಳಸುವವರಿಗೂ ತತ್ವ ಇದೇ. ಸೆಟ್ಟಿಂಗ್‌ಗಳ ಹೆಸರು ಮತ್ತು ಜಾಗ ಮಾತ್ರ ಬದಲಾಗುತ್ತದೆ.

ಲಾಗ್, ಮೆಟ್ರಿಕ್ಸ್ ಎರಡೂ ಇರುವಾಗ ಟ್ರೇಸಿಂಗ್ ಬೇರೆಯಾಗಿ ಏಕೆ ಬೇಕು?

ಒಂದು ಸರ್ವಿಸ್ ನಿಧಾನವಾಗಿದೆ ಎಂಬುದನ್ನು ಮೆಟ್ರಿಕ್ಸ್ ತೋರಿಸುತ್ತದೆ, ಆ ಸರ್ವಿಸ್‌ನ ಒಳಗೆ ಏನು ನಡೆಯಿತು ಎಂಬುದನ್ನು ಲಾಗ್ ತಿಳಿಸುತ್ತದೆ. ಆದರೆ ಬಳಕೆದಾರರ ಒಂದು ಕ್ಲಿಕ್ ಹತ್ತಾರು ಸರ್ವಿಸ್‌ಗಳನ್ನು ಹಾದು ಉತ್ತರವಾಗಿ ಮರಳುವಾಗ ಎರಡು ಸೆಕೆಂಡ್ ತಡವಾದರೆ, ಆ ಎರಡು ಸೆಕೆಂಡಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಇವೆರಡರಿಂದ ಲೆಕ್ಕ ಹಾಕುವುದು ಕಷ್ಟ. ಟ್ರೇಸಿಂಗ್ ಇರುವುದೇ ಈ ಲೆಕ್ಕಕ್ಕಾಗಿ. ಗೂಗಲ್ ತನ್ನ ಡ್ಯಾಪರ್ ವ್ಯವಸ್ಥೆಯ ಬಗ್ಗೆ 2010ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಧಾನ ಹೆಚ್ಚು ಜನರಿಗೆ ಪರಿಚಯವಾಯಿತು. ಟ್ರೇಸ್‌ಗಳನ್ನು ಕೂಡಿಟ್ಟು ತೋರಿಸುವ ಜಿಪ್‌ಕಿನ್ ಅನ್ನು ಟ್ವಿಟರ್ 2012ರಲ್ಲಿ, ಅಂಥದ್ದೇ ಆದ ಯೇಗರ್ ಅನ್ನು ಊಬರ್ 2017ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಮೇಲೆ ಸಣ್ಣ ತಂಡಗಳಿಗೂ ಇದು ಕೈಗೆಟುಕಿತು.

ಇರುವುದು ಮೂರೋ ನಾಲ್ಕೋ ಸರ್ವಿಸ್, ಎಲ್ಲದರ ಲಾಗ್ ಒಂದೇ ಕಡೆ ಸಿಗುತ್ತದೆ ಎನ್ನುವುದಾದರೆ, ಟ್ರೇಸಿಂಗ್‌ಗೆ ಅವಸರಪಡುವ ಅಗತ್ಯವಿಲ್ಲ.

ಟ್ರೇಸ್ ಮತ್ತು ಸ್ಪ್ಯಾನ್ ಎಂದರೆ ನಿಖರವಾಗಿ ಏನು?

ಒಂದು ರಿಕ್ವೆಸ್ಟ್ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣದಿಂದ ಉತ್ತರ ಹೊರಬೀಳುವವರೆಗಿನ ಪೂರ್ಣ ಪಯಣದ ದಾಖಲೆಯೇ ಟ್ರೇಸ್. ಆ ಪಯಣದ ಒಂದೊಂದು ಕೆಲಸ, ಅಂದರೆ ಆರಂಭದ ಸಮಯ, ತೆಗೆದುಕೊಂಡ ಅವಧಿ, ಹೆಸರು ಮತ್ತು ಕೆಲವು ಟ್ಯಾಗ್‌ಗಳುಳ್ಳ ಒಂದು ತುಣುಕು, ಸ್ಪ್ಯಾನ್. ಪ್ರತಿ ಸ್ಪ್ಯಾನ್‌ಗೂ ತನ್ನದೇ ಐಡಿ ಇರುತ್ತದೆ. ತಾನು ಯಾವ ಟ್ರೇಸ್‌ಗೆ ಸೇರಿದ್ದು, ತನ್ನ ತಾಯಿ ಸ್ಪ್ಯಾನ್ ಯಾವುದು ಎಂಬುದನ್ನೂ ಅದು ಹೊತ್ತಿರುತ್ತದೆ. ಸ್ಪ್ಯಾನ್‌ಗಳು ಬೇರೆ ಬೇರೆ ಪಾಡ್‌ಗಳಿಂದ, ಬೇರೆ ಬೇರೆ ಹೊತ್ತಿನಲ್ಲಿ, ಒಂದಕ್ಕೊಂದು ಪರಿಚಯವಿಲ್ಲದೆ ಸಂಗ್ರಹಕ್ಕೆ ಬಂದು ಬೀಳುತ್ತವೆ. ಈ ಮೂರು ಐಡಿಗಳ ಆಧಾರದ ಮೇಲೆಯೇ ಅವುಗಳನ್ನು ಮರವಾಗಿ ಜೋಡಿಸಲಾಗುತ್ತದೆ. ಐಡಿ ತಪ್ಪಿದರೆ ಮರವಿಲ್ಲ, ಚದುರಿದ ಎಲೆಗಳಷ್ಟೇ.

ಮೆಶ್ ಹಾಕಿದ ಮೇಲೆ ಅಪ್ಲಿಕೇಶನ್ ಕೋಡ್ ಮುಟ್ಟದೆಯೇ ಟ್ರೇಸಿಂಗ್ ಸಿಗುತ್ತದೆ ಎನ್ನುತ್ತಾರಲ್ಲ?

ಅರ್ಧ ನಿಜ, ಉಳಿದ ಅರ್ಧ ಗೊತ್ತಿಲ್ಲದೆ ಹೋದ ತಂಡಗಳೇ ಹೆಚ್ಚು ಸಮಯ ಕಳೆದುಕೊಳ್ಳುತ್ತವೆ. ಸ್ಪ್ಯಾನ್‌ಗಳನ್ನು ಸೃಷ್ಟಿಸುವುದು, ಅವುಗಳಿಗೆ ಟ್ಯಾಗ್ ಹಚ್ಚುವುದು, ಅವುಗಳನ್ನು ಸ್ವೀಕರಿಸಿ ಸಂಗ್ರಹಕ್ಕೆ ಸಾಗಿಸುವ ಕಲೆಕ್ಟರ್‌ಗೆ ಕಳುಹಿಸುವುದು, ಈ ಮೂರನ್ನೂ ಪ್ರಾಕ್ಸಿ ತಾನಾಗಿಯೇ ಮಾಡುತ್ತದೆ. ಅವುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾತ್ರ ಅದರಿಂದ ಆಗುವುದಿಲ್ಲ.

ಕಾರಣ ಸರಳವಾಗಿದೆ. ಆರ್ಡರ್ ಸರ್ವಿಸ್‌ನ ಸೈಡ್‌ಕಾರ್ ಒಂದೇ ಕ್ಷಣದಲ್ಲಿ ಇನ್ನೂರು ರಿಕ್ವೆಸ್ಟ್‌ಗಳನ್ನು ಒಳಗೆ ಬಿಟ್ಟಿದೆ ಎಂದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಅದೇ ಅಪ್ಲಿಕೇಶನ್‌ನಿಂದ ಪೇಮೆಂಟ್ ಸರ್ವಿಸ್‌ಗೆ ಒಂದು ಕರೆ ಹೊರಡುತ್ತದೆ. ಒಳಬಂದ ಇನ್ನೂರರ ಪೈಕಿ ಯಾವುದರ ಪರವಾಗಿ ಈ ಕರೆ ಹೊರಟಿತು ಎಂಬುದು ಅಪ್ಲಿಕೇಶನ್‌ಗೆ ಮಾತ್ರ ಗೊತ್ತು. ಹೊರಗೆ ನಿಂತ ಪ್ರಾಕ್ಸಿಗೆ ಅದನ್ನು ಊಹಿಸಲು ಯಾವ ಆಧಾರವೂ ಇಲ್ಲ. ಆದ್ದರಿಂದ ಒಳಬಂದ ರಿಕ್ವೆಸ್ಟ್‌ನ ಟ್ರೇಸ್ ಹೆಡರ್‌ಗಳನ್ನು (ರಿಕ್ವೆಸ್ಟ್‌ನ ಜೊತೆ ಸಾಗುವ, ಈ ಐಡಿಗಳನ್ನು ಹೊತ್ತ ಸಾಲುಗಳು) ಹೊರಹೋಗುವ ಕರೆಗೆ ನಕಲಿಸುವ ಹೊಣೆ ಅಪ್ಲಿಕೇಶನ್‌ನದು. ಅದನ್ನು ಮಾಡದಿದ್ದರೆ ಹೊರಟ ಕರೆಯಲ್ಲಿ ಹೆಡರ್ ಇಲ್ಲದ್ದನ್ನು ಕಂಡ ಪ್ರಾಕ್ಸಿ, ಇದು ಹೊಸ ಪಯಣ ಎಂದು ತಿಳಿದು, ಹೊಸ ಟ್ರೇಸ್ ಐಡಿಯನ್ನು ಹುಟ್ಟಿಸುತ್ತದೆ.

ಆದ್ದರಿಂದ ಅಳವಡಿಕೆಯ ಯೋಜನೆ ಬರೆಯುವಾಗ ಮೊದಲ ಸಾಲಿನಲ್ಲಿ ಇರಬೇಕಾದದ್ದು ಕಲೆಕ್ಟರ್ ಅಲ್ಲ, ಸಂಗ್ರಹವೂ ಅಲ್ಲ; ಪ್ರತಿ ಸರ್ವಿಸ್ ಹೆಡರ್ ದಾಟಿಸುತ್ತಿದೆಯೇ ಎಂಬ ತಪಾಸಣೆ.

ಯಾವ ಯಾವ ಹೆಡರ್‌ಗಳನ್ನು ದಾಟಿಸಬೇಕು?

ಇದು ಮೆಶ್‌ನಲ್ಲಿ ಯಾವ ಬಗೆಯ ಟ್ರೇಸಿಂಗ್ ಪ್ರೊವೈಡರ್ (ಸ್ಪ್ಯಾನ್‌ಗಳನ್ನು ಎಲ್ಲಿಗೆ, ಯಾವ ರೂಪದಲ್ಲಿ ಕಳುಹಿಸಬೇಕೆಂಬ ಸೆಟ್ಟಿಂಗ್) ಆರಿಸಿದ್ದೀರಿ ಎಂಬುದನ್ನು ಅವಲಂಬಿಸಿದೆ. ಟ್ರೇಸ್, ಮೆಟ್ರಿಕ್ಸ್, ಲಾಗ್‌ಗಳಿಗಾಗಿ ಇರುವ ಮುಕ್ತ ಮಾನದಂಡವಾದ ಓಪನ್‌ಟೆಲಿಮೆಟ್ರಿಯ ಪ್ರೊವೈಡರ್ ಆದರೆ, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2020ರಲ್ಲಿ ಅಂಗೀಕರಿಸಿದ ಮಾನದಂಡದ ಟ್ರೇಸ್‌ಪೇರೆಂಟ್ ಮತ್ತು ಟ್ರೇಸ್‌ಸ್ಟೇಟ್ ಎಂಬ ಎರಡು ಹೆಡರ್‌ಗಳು. ಜಿಪ್‌ಕಿನ್ ಪ್ರೊವೈಡರ್ ಆದರೆ ಬಿ3 ಎಂದು ಕರೆಯಲಾಗುವ ಹೆಡರ್‌ಗಳ ಗುಂಪು: ಟ್ರೇಸ್ ಐಡಿ, ಸ್ಪ್ಯಾನ್ ಐಡಿ, ತಾಯಿ ಸ್ಪ್ಯಾನ್ ಐಡಿ, ಸ್ಯಾಂಪಲ್ಡ್ ಮತ್ತು ಫ್ಲ್ಯಾಗ್ಸ್ ಎಂದು ಒಂದೊಂದಕ್ಕೂ ಪ್ರತ್ಯೇಕ ಹೆಡರ್. ಇವೆಲ್ಲವನ್ನೂ ಒಂದೇ ಸಾಲಿಗೆ ಸೇರಿಸಿದ ಇನ್ನೊಂದು ರೂಪವೂ ಬಿ3ಗೆ ಇದೆ. ಪ್ರೊವೈಡರ್ ಯಾವುದೇ ಇರಲಿ, ರಿಕ್ವೆಸ್ಟ್‌ನ ಗುರುತನ್ನು ಹೊತ್ತ ಎಕ್ಸ್-ರಿಕ್ವೆಸ್ಟ್-ಐಡಿ ಹೆಡರ್ ಅನ್ನೂ ಜೊತೆಗೆ ದಾಟಿಸಬೇಕು.

ಟ್ರೇಸ್‌ಪೇರೆಂಟ್ ಹೆಡರ್‌ನಲ್ಲಿ ಇರುವುದನ್ನು ಒಮ್ಮೆ ಹತ್ತಿರದಿಂದ ನೋಡಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಲಾಗ್‌ಗಳಲ್ಲಿ ಅದು ಪದೇ ಪದೇ ಎದುರಾಗುತ್ತದೆ. ಮೊದಲ 2 ಅಕ್ಷರ ಆವೃತ್ತಿ, ಈಗ ಬಳಕೆಯಲ್ಲಿರುವುದು 00. ನಂತರ 32 ಅಕ್ಷರಗಳ ಟ್ರೇಸ್ ಐಡಿ. ಅದರ ಮುಂದೆ 16 ಅಕ್ಷರಗಳ ತಾಯಿ ಸ್ಪ್ಯಾನ್ ಐಡಿ. ಕೊನೆಗೆ 2 ಅಕ್ಷರಗಳ ಫ್ಲ್ಯಾಗ್. ನಡುನಡುವೆ ಮೂರು ಹೈಫನ್. ಒಟ್ಟು 55 ಅಕ್ಷರ. ಕೊನೆಯ ಫ್ಲ್ಯಾಗ್ 01 ಆಗಿದ್ದರೆ ಈ ಟ್ರೇಸ್ ದಾಖಲಾಗಬೇಕು ಎಂದು ಹಿಂದಿನವರು ತೀರ್ಮಾನಿಸಿದ್ದಾರೆ, 00 ಆಗಿದ್ದರೆ ಬೇಡವೆಂದಿದ್ದಾರೆ.

ಎಕ್ಸ್-ರಿಕ್ವೆಸ್ಟ್-ಐಡಿಯಲ್ಲೂ ಹೀಗೊಂದು ಸುಳಿವು ಅಡಗಿದೆ. ಎನ್ವಾಯ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಈ ಐಡಿಯಲ್ಲಿ ಹೈಫನ್‌ಗಳಿಂದ ಬೇರ್ಪಟ್ಟ ಮೂರನೆಯ ಗುಂಪಿನ ಮೊದಲ ಅಕ್ಷರದಲ್ಲಿ ಟ್ರೇಸ್ ತೀರ್ಮಾನವನ್ನು ಬರೆದಿಡುತ್ತದೆ: ಅಲ್ಲಿ 4 ಇದ್ದರೆ ಆ ರಿಕ್ವೆಸ್ಟ್ ಆಯ್ಕೆಯಾಗಿಲ್ಲ, 9 ಇದ್ದರೆ ಸ್ಯಾಂಪ್ಲಿಂಗ್‌ನಲ್ಲಿ (ಎಲ್ಲವನ್ನೂ ದಾಖಲಿಸದೆ ಒಂದು ಪಾಲನ್ನಷ್ಟೇ ಆರಿಸುವುದು) ಆಯ್ಕೆಯಾಗಿದೆ. ಟ್ರೇಸ್ ಏಕೆ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮುನ್ನ ಆಕ್ಸೆಸ್ ಲಾಗ್‌ನಲ್ಲಿ ಈ ಒಂದು ಅಕ್ಷರವನ್ನು ನೋಡಿದರೆ ಎಷ್ಟೋ ಸಲ ಅಲ್ಲಿಗೇ ಉತ್ತರ ಸಿಗುತ್ತದೆ.

ಹೆಡರ್ ದಾಟಿಸುವ ಕೋಡ್ ಅನ್ನು ಎಲ್ಲಿ ಬರೆಯಬೇಕು? ಪ್ರತಿ ಕರೆಯಲ್ಲೂ ಕೈಯಿಂದ ಸೇರಿಸಬೇಕೇ?

ಕೈಯಿಂದ ಸೇರಿಸುವುದು ಪ್ರಯೋಗಕ್ಕೆ ಸಾಕು. ಇಸ್ಟಿಯೊ ಜೊತೆ ಬರುವ ಬುಕ್‌ಇನ್ಫೊ ಮಾದರಿಯಲ್ಲೂ ಹೆಡರ್‌ಗಳನ್ನು ಕೋಡ್‌ನಲ್ಲಿ ಹೀಗೆಯೇ ನಕಲಿಸಲಾಗಿದೆ. ಆದರೆ ನಿಜವಾದ ವ್ಯವಸ್ಥೆಯಲ್ಲಿ ಯಾರೋ ಒಬ್ಬರು ಹೊಸ ಕರೆ ಬರೆಯುವಾಗ ಮರೆತೇ ಮರೆಯುತ್ತಾರೆ. ಹಾಗಾಗಿ ಪ್ರತಿ ಭಾಷೆಗೂ ಲಭ್ಯವಿರುವ ಓಪನ್‌ಟೆಲಿಮೆಟ್ರಿ ಲೈಬ್ರರಿಯನ್ನು ಅಥವಾ ಜಾವಾ, ಪೈಥಾನ್ ಮುಂತಾದವುಗಳಿಗಿರುವ ತನ್ನಿಂತಾನೇ ಜೋಡಣೆಯಾಗುವ ಏಜೆಂಟ್ ಅನ್ನು ಬಳಸುವುದು ಲೇಸು. ಒಳಬರುವ ಹೆಡರ್ ಓದುವುದು, ಅದನ್ನು ಆ ರಿಕ್ವೆಸ್ಟ್‌ನ ಕಾಂಟೆಕ್ಸ್ಟ್‌ನಲ್ಲಿ (ಆ ರಿಕ್ವೆಸ್ಟ್‌ಗಷ್ಟೇ ಸೇರಿದ ಮಾಹಿತಿ ಇಡುವ ಜಾಗ) ಇಟ್ಟುಕೊಳ್ಳುವುದು, ಹೊರಹೋಗುವ ಕರೆಗೆ ಬರೆಯುವುದು, ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ.

ಎರಡು ಕಡೆ ಎಚ್ಚರ ಬೇಕು. ಒಂದು, ಕೆಲಸವನ್ನು ಇನ್ನೊಂದು ಥ್ರೆಡ್‌ಗೆ ಅಥವಾ ಥ್ರೆಡ್ ಪೂಲ್‌ಗೆ ಒಪ್ಪಿಸುವ ಜಾಗ. ಕಾಂಟೆಕ್ಸ್ಟ್ ಸಾಮಾನ್ಯವಾಗಿ ಥ್ರೆಡ್‌ಗೆ ಅಂಟಿಕೊಂಡಿರುವುದರಿಂದ, ಥ್ರೆಡ್ ಬದಲಾದಾಗ ಅದು ಹಿಂದೆಯೇ ಉಳಿದುಬಿಡಬಹುದು. ಗೋ ಭಾಷೆಯಲ್ಲಿ ಕಾಂಟೆಕ್ಸ್ಟ್ ಅನ್ನು ಫಂಕ್ಷನ್‌ನಿಂದ ಫಂಕ್ಷನ್‌ಗೆ ನಾವೇ ಹೊತ್ತೊಯ್ಯಬೇಕಾದ್ದರಿಂದ, ಯಾರಾದರೂ ನಡುವೆ ಖಾಲಿ ಕಾಂಟೆಕ್ಸ್ಟ್ ಹುಟ್ಟಿಸಿದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಇನ್ನೊಂದು, ಹೆಡರ್‌ನ ಬಗೆ. ಓಪನ್‌ಟೆಲಿಮೆಟ್ರಿ ಲೈಬ್ರರಿಗಳು ಮೂಲ ಸೆಟ್ಟಿಂಗ್‌ನಲ್ಲಿ ಡಬ್ಲ್ಯೂ3ಸಿ ಹೆಡರ್‌ಗಳನ್ನಷ್ಟೇ ಓದುತ್ತವೆ, ಬರೆಯುತ್ತವೆ. ಮೆಶ್ ಬಿ3 ಬಳಸುತ್ತಿದ್ದರೆ ಇಬ್ಬರೂ ಸರಿಯಾಗಿಯೇ ಕೆಲಸ ಮಾಡುತ್ತಾ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹೋಗುತ್ತದೆ. ಲೈಬ್ರರಿ ಯಾವ ಬಗೆಯ ಹೆಡರ್ ಬಳಸಬೇಕೆಂದು ಹೇಳುವ ಪ್ರೊಪಗೇಟರ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ಹಾಕಿ, ಕ್ರಮೇಣ ಎಲ್ಲವನ್ನೂ ಡಬ್ಲ್ಯೂ3ಸಿಗೆ ತರುವುದು ಉತ್ತಮ.

ಇಸ್ಟಿಯೊದಲ್ಲಿ ಅಳವಡಿಕೆಯ ಕ್ರಮ ಹೇಗಿರಬೇಕು?

ಮೊದಲು ಟ್ರೇಸ್‌ಗಳನ್ನು ಸ್ವೀಕರಿಸುವ ಕಲೆಕ್ಟರ್ ಅನ್ನು ಕ್ಲಸ್ಟರ್‌ನಲ್ಲಿ ನಿಲ್ಲಿಸಿ, ಅದಕ್ಕೊಂದು ಕುಬರ್ನೆಟೀಸ್ ಸರ್ವಿಸ್ ಕೊಡಬೇಕು. ಸ್ಪ್ಯಾನ್‌ಗಳನ್ನು ಸಾಗಿಸುವ, ಓಪನ್‌ಟೆಲಿಮೆಟ್ರಿಯ ಒಟಿಎಲ್‌ಪಿ ಪ್ರೊಟೊಕಾಲ್ ಜಿಆರ್‌ಪಿಸಿ (ಸರ್ವಿಸ್‌ಗಳು ಪರಸ್ಪರ ಕರೆಯುವ ಒಂದು ವಿಧಾನ) ಮೂಲಕವಾದರೆ 4317ನೇ ಪೋರ್ಟ್ ಅನ್ನೂ ಎಚ್‌ಟಿಟಿಪಿ ಮೂಲಕವಾದರೆ 4318ನೇ ಪೋರ್ಟ್ ಅನ್ನೂ ಬಳಸುತ್ತದೆ. ಜಿಪ್‌ಕಿನ್ ಮಾದರಿಗೆ 9411. ಸರ್ವಿಸ್‌ನಲ್ಲಿ ಪೋರ್ಟ್‌ನ ಹೆಸರು ಜಿಆರ್‌ಪಿಸಿ ಎಂದು ಆರಂಭವಾಗುವಂತೆ ನೋಡಿಕೊಳ್ಳಿ. ಇದು ಸಣ್ಣ ವಿಷಯವೆನಿಸಿದರೂ, ಹೆಸರು ಬೇರೆ ಇದ್ದರೆ ಪ್ರಾಕ್ಸಿ ಅದನ್ನು ಸರಿಯಾದ ಪ್ರೊಟೊಕಾಲ್ ಎಂದು ಗುರುತಿಸದೆ ಸ್ಪ್ಯಾನ್‌ಗಳು ತಲುಪದೆ ಹೋಗಬಹುದು.

ಅನಂತರ ಮೆಶ್ ಕಾನ್ಫಿಗ್‌ನ ಎಕ್ಸ್‌ಟೆನ್ಷನ್ ಪ್ರೊವೈಡರ್ಸ್ ಭಾಗದಲ್ಲಿ ಈ ಕಲೆಕ್ಟರ್‌ಗೆ ಒಂದು ಹೆಸರು ಕೊಟ್ಟು, ಅದರ ಸರ್ವಿಸ್ ವಿಳಾಸವನ್ನೂ ಪೋರ್ಟ್ ಅನ್ನೂ ನಮೂದಿಸಬೇಕು. ಇಷ್ಟಕ್ಕೇ ಟ್ರೇಸಿಂಗ್ ಶುರುವಾಗುವುದಿಲ್ಲ. ಆ ಹೆಸರನ್ನು ಸೂಚಿಸುವ ಒಂದು ಟೆಲಿಮೆಟ್ರಿ ರಿಸೋರ್ಸ್ ಅನ್ನು ಬೇರೆಯಾಗಿ ಹಾಕಬೇಕು, ಅದರಲ್ಲಿಯೇ ಸ್ಯಾಂಪ್ಲಿಂಗ್ ಪ್ರಮಾಣವನ್ನೂ ಬರೆಯಬೇಕು. ನೇಮ್‌ಸ್ಪೇಸ್ ಎಂದರೆ ಕ್ಲಸ್ಟರ್‌ನೊಳಗಿನ ಒಂದು ವಿಭಾಗ. ಇಸ್ಟಿಯೊ ರೂಟ್ ನೇಮ್‌ಸ್ಪೇಸ್‌ನಲ್ಲಿ ಹಾಕಿದ ಟೆಲಿಮೆಟ್ರಿ ಇಡೀ ಮೆಶ್‌ಗೆ ಅನ್ವಯಿಸುತ್ತದೆ. ಒಂದು ನೇಮ್‌ಸ್ಪೇಸ್‌ನಲ್ಲಿ ಹಾಕಿದ್ದು ಅಷ್ಟಕ್ಕೆ. ಸೆಲೆಕ್ಟರ್ ಕೊಟ್ಟು ಹಾಕಿದ್ದು ಆಯ್ದ ವರ್ಕ್‌ಲೋಡ್‌ಗಷ್ಟೇ. ಹತ್ತಿರದ್ದು ದೂರದ್ದನ್ನು ಮೀರುತ್ತದೆ. ಈ ದಾರಿಯಲ್ಲಿ ಮಾಡಿದ ಬದಲಾವಣೆಗೆ ಪಾಡ್‌ಗಳನ್ನು ರೀಸ್ಟಾರ್ಟ್ ಮಾಡಬೇಕಿಲ್ಲ. ಹಳೆಯ ದಾರಿಯಲ್ಲಿ, ಅಂದರೆ ಪ್ರಾಕ್ಸಿ ಕಾನ್ಫಿಗ್‌ನ ಟ್ರೇಸಿಂಗ್ ಭಾಗದಲ್ಲಿ ಬರೆದರೆ, ರೀಸ್ಟಾರ್ಟ್ ಬೇಕಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಬರಹಗಳಲ್ಲಿ ಎರಡೂ ದಾರಿಗಳು ಕಲಸಿಕೊಂಡಿರುತ್ತವೆ, ನೋಡಿ ಆರಿಸಿಕೊಳ್ಳಬೇಕು.

ಕೊನೆಯದಾಗಿ, ಪರೀಕ್ಷೆಯ ನೇಮ್‌ಸ್ಪೇಸ್ ಒಂದರಲ್ಲಿ ಸ್ಯಾಂಪ್ಲಿಂಗ್ ಅನ್ನು ಶೇಕಡಾ 100ಕ್ಕೆ ಏರಿಸಿ, ಮೂರು ಸರ್ವಿಸ್‌ಗಳನ್ನಾದರೂ ಹಾಯುವ ಒಂದು ರಿಕ್ವೆಸ್ಟ್ ಕಳುಹಿಸಿ, ಎಲ್ಲ ಸ್ಪ್ಯಾನ್‌ಗಳೂ ಒಂದೇ ಟ್ರೇಸ್ ಐಡಿಯ ಕೆಳಗೆ ಬಂದವೇ ಎಂದು ನೋಡಿ. ಬಾರದಿದ್ದರೆ ಮುಂದಿನ ನೇಮ್‌ಸ್ಪೇಸ್‌ಗೆ ಹೋಗಬೇಡಿ.

ಪ್ರಾಕ್ಸಿಯಿಂದ ಯೇಗರ್‌ಗೆ ನೇರವಾಗಿ ಕಳುಹಿಸಬಾರದೇ? ನಡುವೆ ಕಲೆಕ್ಟರ್ ಏಕೆ?

ಕಳುಹಿಸಬಹುದು, ಯೇಗರ್ ಒಟಿಎಲ್‌ಪಿಯನ್ನು ನೇರವಾಗಿ ಸ್ವೀಕರಿಸುತ್ತದೆ. ಆದರೂ ನಡುವೆ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಇದ್ದರೆ, ಬೇಡದ ಟ್ಯಾಗ್ ಅಳಿಸುವುದು, ಸ್ಪ್ಯಾನ್‌ಗಳನ್ನು ಗುಂಪಾಗಿ ಕಳುಹಿಸುವುದು, ಸಂಗ್ರಹವನ್ನು ಬದಲಿಸುವುದು, ಇವೆಲ್ಲವನ್ನೂ ಮೆಶ್‌ನ ಸೆಟ್ಟಿಂಗ್ ಮುಟ್ಟದೆ ಮಾಡಬಹುದು. ಅಪ್ಲಿಕೇಶನ್‌ಗಳಿಂದಲೂ ಪ್ರಾಕ್ಸಿಗಳಿಂದಲೂ ಬರುವ ಸ್ಪ್ಯಾನ್‌ಗಳು ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬುದೂ ದೊಡ್ಡ ಅನುಕೂಲ.

ಸಂಗ್ರಹಕ್ಕೆ ಯೇಗರ್, ಜಿಪ್‌ಕಿನ್, ಟೆಂಪೊ ಇವುಗಳಲ್ಲಿ ಯಾವುದು?

ಈಗಾಗಲೇ ಡ್ಯಾಶ್‌ಬೋರ್ಡ್‌ಗಳಿಗೆ ಗ್ರಫಾನಾ ಬಳಸುತ್ತಿದ್ದು, ಟ್ರೇಸ್‌ಗಳನ್ನು ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಅಗ್ಗವಾಗಿ ಇಡಬೇಕಿದ್ದರೆ ಗ್ರಫಾನಾದವರದೇ ಆದ ಟೆಂಪೊ. ಹುಡುಕಾಟಕ್ಕೂ ನೋಟಕ್ಕೂ ಪ್ರತ್ಯೇಕ ಪರದೆ ಬೇಕಿದ್ದರೆ ಯೇಗರ್. ಯೇಗರ್‌ನ ಎರಡನೆಯ ಆವೃತ್ತಿ 2024ರ ನವೆಂಬರ್‌ನಲ್ಲಿ ಬಂದಿದ್ದು, ಅದನ್ನು ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ನ ತಳಹದಿಯ ಮೇಲೆಯೇ ಕಟ್ಟಲಾಗಿದೆ. ಹೊಸದಾಗಿ ಆರಂಭಿಸುವವರು ಅದನ್ನೇ ಆರಿಸಿಕೊಳ್ಳಬೇಕು. ಇಸ್ಟಿಯೊ ಜೊತೆ ಮಾದರಿಯಾಗಿ ಬರುವ ಯೇಗರ್ ಫೈಲ್ ಪ್ರದರ್ಶನಕ್ಕಷ್ಟೇ. ಅದನ್ನು ಹಾಗೆಯೇ ಪ್ರೊಡಕ್ಷನ್‌ಗೆ ಒಯ್ಯಬಾರದು.

ಸ್ಯಾಂಪ್ಲಿಂಗ್ ಪ್ರಮಾಣ ಎಷ್ಟಿರಬೇಕು?

ಇಸ್ಟಿಯೊದ ಮೂಲ ಪ್ರಮಾಣ ಶೇಕಡಾ 1. ಇದರಿಂದಾಗಿಯೇ ಹೊಸಬರು ಹತ್ತು ರಿಕ್ವೆಸ್ಟ್ ಕಳುಹಿಸಿ, ಟ್ರೇಸ್ ಕಾಣದೆ, ಸೆಟಪ್ ಕೆಟ್ಟಿದೆ ಎಂದು ಭಾವಿಸುತ್ತಾರೆ. ನೂರಾರು ರಿಕ್ವೆಸ್ಟ್ ಕಳುಹಿಸಿ ನೋಡಿ, ಇಲ್ಲವೇ ಪ್ರಮಾಣವನ್ನು ಏರಿಸಿ.

ಪ್ರೊಡಕ್ಷನ್‌ಗೆ ಬಂದಾಗ ಲೆಕ್ಕ ಹಾಕಲೇಬೇಕು. ಸೆಕೆಂಡಿಗೆ 1,000 ರಿಕ್ವೆಸ್ಟ್ ಬರುತ್ತಿವೆ, ಪ್ರತಿಯೊಂದೂ ಒಳಗೆ 10 ಕರೆಗಳಾಗಿ ಹರಡುತ್ತದೆ, ಪ್ರತಿ ಕರೆಗೆ ಎರಡು ಕಡೆಯ ಪ್ರಾಕ್ಸಿಗಳಿಂದ 2 ಸ್ಪ್ಯಾನ್ ಎಂದಿಟ್ಟುಕೊಂಡರೆ, ಎಲ್ಲವನ್ನೂ ದಾಖಲಿಸಿದಾಗ ಸೆಕೆಂಡಿಗೆ 20,000 ಸ್ಪ್ಯಾನ್‌ಗಳಾಗುತ್ತವೆ. ಶೇಕಡಾ 1ಕ್ಕೆ ಇಳಿಸಿದರೆ 200. ಅಪ್ಲಿಕೇಶನ್‌ಗಳು ತಮ್ಮದೇ ಸ್ಪ್ಯಾನ್ ಸೇರಿಸಿದರೆ ಇನ್ನೂ ಹೆಚ್ಚು. ಆದರೆ ಕಡಿಮೆ ಪ್ರಮಾಣಕ್ಕೂ ಬೆಲೆಯಿದೆ. ಹತ್ತು ಸಾವಿರಕ್ಕೊಮ್ಮೆ ಆಗುವ ದೋಷವೊಂದು ಶೇಕಡಾ 1ರ ಸ್ಯಾಂಪ್ಲಿಂಗ್‌ನಲ್ಲಿ ಸಿಕ್ಕಿಬೀಳಲು ಸರಾಸರಿ ಹತ್ತು ಲಕ್ಷ ರಿಕ್ವೆಸ್ಟ್ ಹಾಯಬೇಕು. ಸರಾಸರಿ ವಿಳಂಬ ಎಲ್ಲಿದೆ ಎಂದು ತಿಳಿಯಲು ಶೇಕಡಾ 1 ಧಾರಾಳವಾಗಿ ಸಾಕು. ಅಪರೂಪದ ದೋಷ ಹಿಡಿಯಲು ಸಾಲದು.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ತೀರ್ಮಾನ ಆಗುವುದು ಪಯಣದ ಮೊದಲ ಹೆಜ್ಜೆಯಲ್ಲಿ, ಸಾಮಾನ್ಯವಾಗಿ ಹೊರಗಿನ ರಿಕ್ವೆಸ್ಟ್‌ಗಳು ಒಳಬರುವ ಬಾಗಿಲಾದ ಇನ್‌ಗ್ರೆಸ್ ಗೇಟ್‌ವೇಯಲ್ಲಿ. ಮುಂದಿನವರೆಲ್ಲ ಹೆಡರ್‌ನ ಫ್ಲ್ಯಾಗ್ ನೋಡಿ ಅದನ್ನೇ ಪಾಲಿಸುತ್ತಾರೆ. ಆದ್ದರಿಂದ ಒಳಗಿನ ಒಂದು ಸರ್ವಿಸ್‌ಗೆ ಮಾತ್ರ ಪ್ರಮಾಣವನ್ನು ಶೇಕಡಾ 50ಕ್ಕೆ ಏರಿಸಿದರೂ, ಗೇಟ್‌ವೇಯಲ್ಲಿ ಬೇಡವೆಂದು ತೀರ್ಮಾನವಾದ ರಿಕ್ವೆಸ್ಟ್‌ಗಳ ಮೇಲೆ ಅದರ ಪರಿಣಾಮವಿರುವುದಿಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ನಿಗದಿತ ಹೊತ್ತಿಗೆ ಓಡುವ ಜಾಬ್ ಒಂದು ತಾನೇ ಪಯಣ ಆರಂಭಿಸುವಾಗ, ಅದರೊಳಗಿನ ಓಪನ್‌ಟೆಲಿಮೆಟ್ರಿ ಲೈಬ್ರರಿ ಮೂಲ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ದಾಖಲಿಸು ಎಂಬ ಫ್ಲ್ಯಾಗ್ ಹಾಕುತ್ತದೆ, ಕೆಳಗಿನ ಪ್ರಾಕ್ಸಿಗಳೂ ವಿಧೇಯವಾಗಿ ಎಲ್ಲವನ್ನೂ ಕಳುಹಿಸುತ್ತವೆ. ಮೆಶ್‌ನಲ್ಲಿ ಶೇಕಡಾ 1 ಎಂದಿದ್ದರೂ ಸಂಗ್ರಹ ರಾತ್ರೋರಾತ್ರಿ ತುಂಬಿದರೆ, ಮೊದಲು ಸಂಶಯಪಡಬೇಕಾದದ್ದು ಇಂಥ ಜಾಬ್‌ಗಳನ್ನು.

ದೋಷವಿರುವ ಟ್ರೇಸ್‌ಗಳನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲವೇ?

ಬರುತ್ತದೆ, ಇದನ್ನು ಟೇಲ್ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಒಂದು ಟ್ರೇಸ್‌ನ ಸ್ಪ್ಯಾನ್‌ಗಳನ್ನು ಸ್ವಲ್ಪ ಹೊತ್ತು, ಮೂಲ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್, ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ದೋಷವಿದೆಯೇ, ನಿಧಾನವಾಗಿತ್ತೇ ಎಂದು ನೋಡಿ ಉಳಿಸುವ ಅಥವಾ ಬಿಡುವ ತೀರ್ಮಾನ ಮಾಡುತ್ತದೆ. ಆದರೆ ಇದಕ್ಕೆ ಪ್ರಾಕ್ಸಿಗಳು ಶೇಕಡಾ 100 ಸ್ಪ್ಯಾನ್ ಕಳುಹಿಸಲೇಬೇಕು. ಉಳಿತಾಯ ಸಂಗ್ರಹದಲ್ಲಿ ಮಾತ್ರ. ಪ್ರಾಕ್ಸಿಯ ಕೆಲಸ, ನೆಟ್‌ವರ್ಕ್ ಹೊರೆ, ಕಲೆಕ್ಟರ್ ಮೆಮೊರಿ ಯಾವುದೂ ಕಡಿಮೆಯಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಕಲೆಕ್ಟರ್ ಪಾಡ್‌ಗಳಿದ್ದರೆ ಒಂದು ಟ್ರೇಸ್‌ನ ಎಲ್ಲ ಸ್ಪ್ಯಾನ್‌ಗಳೂ ಒಂದೇ ಪಾಡ್‌ಗೆ ಹೋಗಬೇಕು. ಅದಕ್ಕಾಗಿ ಟ್ರೇಸ್ ಐಡಿ ನೋಡಿ ಹಂಚುವ ಇನ್ನೊಂದು ಸಾಲು ಕಲೆಕ್ಟರ್‌ಗಳನ್ನು ಮುಂದೆ ನಿಲ್ಲಿಸಬೇಕಾಗುತ್ತದೆ. ಹೆಡರ್ ದಾಟಿಸುವಿಕೆ ಇನ್ನೂ ಸರಿಯಾಗದ ವ್ಯವಸ್ಥೆಯಲ್ಲಿ ಟೇಲ್ ಸ್ಯಾಂಪ್ಲಿಂಗ್‌ಗೆ ಕೈ ಹಾಕುವುದು ವ್ಯರ್ಥ: ತುಂಡಾದ ಟ್ರೇಸ್‌ಗಳಲ್ಲಿ ದೋಷವಿರುವ ತುಂಡು ಉಳಿದು, ಅದಕ್ಕೆ ಕಾರಣವಾದ ತುಂಡು ಹೋಗಿಬಿಡುತ್ತದೆ.

ಹೊರಗಿನಿಂದ ಬರುವ ಟ್ರೇಸ್ ಹೆಡರ್‌ಗಳನ್ನು ನಂಬಬಹುದೇ?

ಸಾರ್ವಜನಿಕ ಗೇಟ್‌ವೇಯಲ್ಲಿ ನಂಬಬಾರದು. ಹೊರಗಿನ ಯಾರಾದರೂ ಫ್ಲ್ಯಾಗ್ 01 ಇರುವ ಟ್ರೇಸ್‌ಪೇರೆಂಟ್ ಅನ್ನು ಪ್ರತಿ ರಿಕ್ವೆಸ್ಟ್‌ನಲ್ಲೂ ಕಳುಹಿಸಿದರೆ ನಿಮ್ಮ ಸ್ಯಾಂಪ್ಲಿಂಗ್ ಪ್ರಮಾಣಕ್ಕೆ ಅರ್ಥವೇ ಉಳಿಯುವುದಿಲ್ಲ. ಗೇಟ್‌ವೇಯ ಹೊರಗಿನ ಲೋಡ್ ಬ್ಯಾಲೆನ್ಸರ್‌ನಲ್ಲೇ ಈ ಹೆಡರ್‌ಗಳನ್ನು ಅಳಿಸುವುದು ನೇರವಾದ ದಾರಿ.

ಯಾವ ಟ್ರೇಸೂ ಕಾಣಿಸುತ್ತಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಸ್ಯಾಂಪ್ಲಿಂಗ್ ಪ್ರಮಾಣವನ್ನು ಮೇಲೆ ಹೇಳಿದಂತೆ ಮೊದಲು ನೋಡಿ. ನಂತರ ಟೆಲಿಮೆಟ್ರಿಯಲ್ಲಿ ಬರೆದ ಪ್ರೊವೈಡರ್ ಹೆಸರು ಮೆಶ್ ಕಾನ್ಫಿಗ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದುತ್ತದೆಯೇ ಎಂದು ಪರಿಶೀಲಿಸಿ. ಮೂರನೆಯದಾಗಿ, ಸರ್ವಿಸ್‌ಗಳ ಪೋರ್ಟ್ ಹೆಸರು: ಪೋರ್ಟ್ ಅನ್ನು ಟಿಸಿಪಿ ಎಂದು ಘೋಷಿಸಿದ್ದರೆ ಪ್ರಾಕ್ಸಿ ಒಳಗಿನ ಎಚ್‌ಟಿಟಿಪಿಯನ್ನು ಬಿಚ್ಚಿ ನೋಡುವುದಿಲ್ಲ, ಆದ್ದರಿಂದ ಸ್ಪ್ಯಾನ್ ಹುಟ್ಟುವುದಿಲ್ಲ. ನಾಲ್ಕನೆಯದಾಗಿ, ನೇಮ್‌ಸ್ಪೇಸ್‌ನಲ್ಲಿ ಸೈಡ್‌ಕಾರ್ ರಿಸೋರ್ಸ್ ಹಾಕಿ ಹೊರಹೋಗುವ ದಾರಿಗಳನ್ನು ಮಿತಿಗೊಳಿಸಿದ್ದರೆ, ಆ ಪಟ್ಟಿಯಲ್ಲಿ ಕಲೆಕ್ಟರ್‌ನ ನೇಮ್‌ಸ್ಪೇಸ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಪ್ರಾಕ್ಸಿಗೆ ಕಲೆಕ್ಟರ್‌ನ ವಿಳಾಸವೇ ತಿಳಿದಿರದಿರಬಹುದು. ಇದನ್ನು ಎಷ್ಟೋ ಜನ ಕೊನೆಗೆ ನೋಡುತ್ತಾರೆ. ಮೊದಲೇ ನೋಡಿದರೆ ಅರ್ಧ ದಿನ ಉಳಿಯುತ್ತದೆ.

ಟ್ರೇಸ್‌ಗಳು ಬರುತ್ತಿವೆ, ಆದರೆ ಪ್ರತಿಯೊಂದರಲ್ಲೂ ಎರಡೇ ಸ್ಪ್ಯಾನ್. ಏಕೆ?

ಹೆಡರ್ ದಾಟುತ್ತಿಲ್ಲ ಎಂಬುದರ ಸ್ಪಷ್ಟ ಲಕ್ಷಣ ಇದು. ಒಂದು ಕರೆಯ ಎರಡು ಬದಿಯ ಪ್ರಾಕ್ಸಿಗಳು ತಮ್ಮ ನಡುವೆ ಹೆಡರ್ ಹಂಚಿಕೊಂಡಿವೆ. ಅದರಾಚೆ ಅಪ್ಲಿಕೇಶನ್ ಅದನ್ನು ಕೈಬಿಟ್ಟಿದೆ. ಟ್ರೇಸ್ ಯಾವ ಸರ್ವಿಸ್‌ನಲ್ಲಿ ಕೊನೆಗೊಳ್ಳುತ್ತದೋ ಆ ಸರ್ವಿಸ್‌ನ ಕೋಡ್‌ನಲ್ಲಿಯೇ ತಪ್ಪಿದೆ. ಅದರ ಹೊರಹೋಗುವ ಕರೆಯ ಹೆಡರ್‌ಗಳನ್ನು ಒಮ್ಮೆ ಲಾಗ್ ಮಾಡಿ ನೋಡಿದರೆ, ಹೆಡರ್ ಇಲ್ಲವೇ ಅಥವಾ ಬೇರೆ ಬಗೆಯ ಹೆಡರ್ ಇದೆಯೇ ಎಂಬುದು ತಿಳಿಯುತ್ತದೆ.

ಒಂದೇ ಕರೆಗೆ ಎರಡು ಸ್ಪ್ಯಾನ್ ಇರುವುದನ್ನು ಹೇಗೆ ಓದಬೇಕು?

ಕರೆ ಮಾಡಿದವರ ಸೈಡ್‌ಕಾರ್ ಹೊರಹೋಗುವಾಗ ಒಂದು ಸ್ಪ್ಯಾನ್ ಬರೆಯುತ್ತದೆ, ಕರೆ ಸ್ವೀಕರಿಸಿದವರ ಸೈಡ್‌ಕಾರ್ ಒಳಬರುವಾಗ ಇನ್ನೊಂದು. ಹೊರಗಿನ ಸ್ಪ್ಯಾನ್ 480 ಮಿಲಿಸೆಕೆಂಡ್, ಒಳಗಿನದು 35 ಮಿಲಿಸೆಕೆಂಡ್ ಎಂದು ತೋರಿಸಿದರೆ, ಸ್ವೀಕರಿಸಿದ ಅಪ್ಲಿಕೇಶನ್ ನಿರ್ದೋಷಿ. ಉಳಿದ 445 ಮಿಲಿಸೆಕೆಂಡ್ ಇಬ್ಬರ ನಡುವೆ, ಅಂದರೆ ಸಂಪರ್ಕ ಸ್ಥಾಪನೆ, ಟಿಎಲ್‌ಎಸ್ ಹಸ್ತಲಾಘವ, ಕನೆಕ್ಷನ್ ಪೂಲ್‌ನಲ್ಲಿ ಕಾಯುವಿಕೆ ಅಥವಾ ಮರುಪ್ರಯತ್ನದಲ್ಲಿ ಕಳೆದಿದೆ. ಅಪ್ಲಿಕೇಶನ್ ಒಳಗಿನ ಟ್ರೇಸಿಂಗ್ ಒಂದರಿಂದಲೇ ಈ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮೆಶ್‌ನ ಸ್ಪ್ಯಾನ್‌ಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಮರುಪ್ರಯತ್ನಕ್ಕೆ ತನ್ನದೇ ಗುರುತಿದೆ. ಇಸ್ಟಿಯೊ ಮೂಲ ಸೆಟ್ಟಿಂಗ್‌ನಲ್ಲಿ ವಿಫಲವಾದ ಕೆಲವು ಬಗೆಯ ಎಚ್‌ಟಿಟಿಪಿ ಕರೆಗಳನ್ನು ಎರಡು ಬಾರಿಯವರೆಗೆ ಮತ್ತೆ ಪ್ರಯತ್ನಿಸುತ್ತದೆ, ಅದು ಅಪ್ಲಿಕೇಶನ್‌ಗೆ ತಿಳಿಯುವುದೂ ಇಲ್ಲ. ಒಂದೇ ಹೊರಹೋಗುವ ಸ್ಪ್ಯಾನ್‌ನ ಕೆಳಗೆ ಎರಡು ಅಥವಾ ಮೂರು ಒಳಬರುವ ಸ್ಪ್ಯಾನ್‌ಗಳು, ಅವೂ ಬೇರೆ ಬೇರೆ ಪಾಡ್‌ಗಳಿಂದ, ಒಂದರ ಹಿಂದೊಂದು ನಿಂತಿದ್ದರೆ ಅದು ಮರುಪ್ರಯತ್ನವೆಂದು ತಿಳಿಯಬಹುದು.

ಸ್ಪ್ಯಾನ್‌ನ ಟ್ಯಾಗ್‌ಗಳಲ್ಲಿ ರೆಸ್ಪಾನ್ಸ್ ಫ್ಲ್ಯಾಗ್ಸ್ ಎಂಬುದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಸ್ಟೇಟಸ್ ಕೋಡ್ 503 ಎಂದಷ್ಟೇ ಹೇಳಿ ಸುಮ್ಮನಾಗುವಾಗ ಈ ಟ್ಯಾಗ್ ಕಾರಣವನ್ನು ಹೇಳುತ್ತದೆ: ಯುಎಚ್ ಎಂದಿದ್ದರೆ ಆರೋಗ್ಯವಂತ ಪಾಡ್ ಒಂದೂ ಸಿಗಲಿಲ್ಲ, ಯುಎಫ್ ಎಂದಿದ್ದರೆ ಸಂಪರ್ಕವೇ ಆಗಲಿಲ್ಲ, ಯುಒ ಎಂದಿದ್ದರೆ ಹೊರೆ ಮಿತಿ ಮೀರಿದಾಗ ಕರೆ ನಿಲ್ಲಿಸುವ ಸರ್ಕ್ಯೂಟ್ ಬ್ರೇಕರ್ ತಡೆಯಿತು. ಎನ್‌ಆರ್ ಎಂದರೆ ಹೋಗಬೇಕಾದ ದಾರಿಯೇ ಕಾನ್ಫಿಗ್‌ನಲ್ಲಿ ಇರಲಿಲ್ಲ. ಡಿಸಿ ಎಂದರೆ ಕರೆ ಮಾಡಿದವರೇ ಉತ್ತರಕ್ಕೆ ಕಾಯದೆ ಸಂಪರ್ಕ ಕಡಿದುಕೊಂಡರು.

ಡೇಟಾಬೇಸ್ ಮತ್ತು ಮೆಸೇಜ್ ಕ್ಯೂ ಟ್ರೇಸ್‌ನಲ್ಲಿ ಏಕೆ ಕಾಣುವುದಿಲ್ಲ?

ಪ್ರಾಕ್ಸಿಗೆ ಅವು ಬರಿಯ ಟಿಸಿಪಿ ಬೈಟ್‌ಗಳು. ಹೆಡರ್ ಇಡಲು ಜಾಗವಿಲ್ಲ, ಒಂದು ಕ್ವೆರಿ ಎಲ್ಲಿ ಮುಗಿಯಿತು ಎಂಬ ತಿಳಿವಳಿಕೆಯೂ ಇಲ್ಲ. ಡೇಟಾಬೇಸ್ ಕರೆಗಳ ಸ್ಪ್ಯಾನ್ ಬೇಕಿದ್ದರೆ ಅಪ್ಲಿಕೇಶನ್‌ನಲ್ಲಿ ಓಪನ್‌ಟೆಲಿಮೆಟ್ರಿ ಬೇಕೇ ಬೇಕು. ಕಾಫ್ಕಾದಂಥ ಕ್ಯೂಗಳಲ್ಲಿ ಟ್ರೇಸ್ ಕಾಂಟೆಕ್ಸ್ಟ್ ಅನ್ನು ಪ್ರತಿ ಮೆಸೇಜಿನ ಹೆಡರ್‌ನಲ್ಲಿ ಇಟ್ಟು, ಓದುವ ಕಡೆ ತೆಗೆದುಕೊಳ್ಳಬೇಕು. ಮೆಸೇಜ್ ಗಂಟೆಗಟ್ಟಲೆ ಕ್ಯೂನಲ್ಲಿ ಇರುವ ಸಾಧ್ಯತೆಯಿದ್ದರೆ ಅದನ್ನು ತಾಯಿ-ಮಗುವಿನ ಸಂಬಂಧವಾಗಿ ತೋರಿಸುವ ಬದಲು, ಹೊಸ ಟ್ರೇಸ್ ಆರಂಭಿಸಿ ಹಳೆಯದಕ್ಕೆ ಸ್ಪ್ಯಾನ್ ಲಿಂಕ್ ಕೊಡುವುದೇ ಓದಲು ಹಿತ.

ಮಗು ಸ್ಪ್ಯಾನ್ ತಾಯಿಗಿಂತ ಮೊದಲೇ ಆರಂಭವಾದಂತೆ ಕಾಣುತ್ತದೆ. ಇದು ಹೇಗೆ?

ಎರಡು ನೋಡ್‌ಗಳ, ಅಂದರೆ ಪಾಡ್‌ಗಳು ಓಡುವ ಯಂತ್ರಗಳ, ಗಡಿಯಾರಗಳು ಹೊಂದುತ್ತಿಲ್ಲ. ಪ್ರತಿ ಸ್ಪ್ಯಾನ್ ತಾನಿರುವ ಯಂತ್ರದ ಸಮಯವನ್ನೇ ಬರೆಯುವುದರಿಂದ ಕೆಲವು ಮಿಲಿಸೆಕೆಂಡುಗಳ ವ್ಯತ್ಯಾಸವೂ ಪರದೆಯ ಮೇಲೆ ಎದ್ದು ಕಾಣುತ್ತದೆ. ನೋಡ್‌ಗಳಲ್ಲಿ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಯಾಗಿದೆಯೇ ನೋಡಿ. ಅವಧಿಗಳನ್ನು ನಂಬಬಹುದು, ಬೇರೆ ನೋಡ್‌ಗಳ ಆರಂಭದ ಸಮಯಗಳನ್ನು ಹೋಲಿಸುವಾಗ ಜಾಗರೂಕರಾಗಿರಿ.

ಟ್ರೇಸ್‌ಗಳಲ್ಲಿ ಗೋಪ್ಯ ಮಾಹಿತಿ ಸೇರುವ ಅಪಾಯವಿದೆಯೇ?

ಇದೆ, ಅದೂ ಯಾರೂ ಏನೂ ಮಾಡದೆಯೇ. ಎನ್ವಾಯ್ ಸ್ಪ್ಯಾನ್‌ನಲ್ಲಿ ಯುಆರ್‌ಎಲ್ ಅನ್ನು ದಾಖಲಿಸುತ್ತದೆ. ಅದರ ಪಾತ್ ಭಾಗಕ್ಕೆ ಮೂಲ ಮಿತಿ 256 ಅಕ್ಷರ. ಪ್ರಶ್ನೆ ಚಿಹ್ನೆಯ ನಂತರದ ಭಾಗವೂ ಅದರಲ್ಲಿ ಬರುವುದರಿಂದ, ಯಾವುದಾದರೂ ಸರ್ವಿಸ್ ಟೋಕನ್ ಅಥವಾ ಫೋನ್ ನಂಬರ್ ಅನ್ನು ಯುಆರ್‌ಎಲ್‌ನಲ್ಲಿ ಕಳುಹಿಸುತ್ತಿದ್ದರೆ ಅದು ಟ್ರೇಸ್ ನೋಡುವ ಎಲ್ಲರಿಗೂ ಕಾಣುತ್ತದೆ. ಕಲೆಕ್ಟರ್‌ನಲ್ಲಿ ಆ ಭಾಗವನ್ನು ಕತ್ತರಿಸುವ ನಿಯಮವನ್ನು ಮೊದಲ ದಿನವೇ ಹಾಕಿ. ಟೆಲಿಮೆಟ್ರಿಯ ಕಸ್ಟಮ್ ಟ್ಯಾಗ್ ಮೂಲಕ ಯಾವುದೇ ಹೆಡರ್ ಅನ್ನು ಸ್ಪ್ಯಾನ್‌ಗೆ ಸೇರಿಸಬಹುದು. ಆಥರೈಸೇಶನ್ ಮತ್ತು ಕುಕಿ ಹೆಡರ್‌ಗಳನ್ನು ಮಾತ್ರ ಎಂದಿಗೂ ಸೇರಿಸಬಾರದು.

ಟ್ರೇಸಿಂಗ್‌ನಿಂದ ರಿಕ್ವೆಸ್ಟ್‌ಗಳೇ ನಿಧಾನವಾಗುತ್ತವೆಯೇ?

ಪ್ರಾಕ್ಸಿ ಸ್ಪ್ಯಾನ್‌ಗಳನ್ನು ಬಫರ್‌ನಲ್ಲಿ ಕೂಡಿಟ್ಟು ಹಿನ್ನೆಲೆಯಲ್ಲಿ ಕಳುಹಿಸುತ್ತದೆ, ರಿಕ್ವೆಸ್ಟ್ ಅದಕ್ಕಾಗಿ ಕಾಯುವುದಿಲ್ಲ. ಕಲೆಕ್ಟರ್ ಬಿದ್ದುಹೋದರೆ ಸ್ಪ್ಯಾನ್‌ಗಳು ಕಳೆದುಹೋಗುತ್ತವೆಯೇ ಹೊರತು ರಿಕ್ವೆಸ್ಟ್‌ಗಳು ವಿಫಲವಾಗುವುದಿಲ್ಲ. ಸಿಪಿಯು ಬಳಕೆ ಮಾತ್ರ ಸ್ಯಾಂಪ್ಲಿಂಗ್ ಪ್ರಮಾಣದೊಂದಿಗೆ ಏರುತ್ತದೆ.

ಲಾಗ್‌ನಿಂದ ಟ್ರೇಸ್‌ಗೆ ಹೋಗುವುದು ಹೇಗೆ?

ಅಪ್ಲಿಕೇಶನ್ ಲಾಗ್‌ನ ಪ್ರತಿ ಸಾಲಿನಲ್ಲೂ ಟ್ರೇಸ್ ಐಡಿ ಬರೆಯಿಸಿ, ಪ್ರಾಕ್ಸಿಯ ಆಕ್ಸೆಸ್ ಲಾಗ್‌ನ ನಮೂನೆಗೆ ಟ್ರೇಸ್‌ಪೇರೆಂಟ್ ಹೆಡರ್ ಸೇರಿಸಿ. ಆಯ್ಕೆಯಾಗದ ರಿಕ್ವೆಸ್ಟ್‌ಗಳಿಗೂ ಟ್ರೇಸ್ ಐಡಿ ಇರುವುದರಿಂದ, ಟ್ರೇಸ್ ದಾಖಲಾಗದಿದ್ದರೂ ಅದೇ ಐಡಿಯಿಂದ ಎಲ್ಲ ಸರ್ವಿಸ್‌ಗಳ ಲಾಗ್ ಸಾಲುಗಳನ್ನು ಹುಡುಕಿ ತೆಗೆಯಬಹುದು. ಹೆಡರ್ ದಾಟಿಸಲು ಪಟ್ಟ ಶ್ರಮಕ್ಕೆ ಇದು ಎರಡನೆಯ ಫಲ; ಹಲವು ತಂಡಗಳಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೈಡ್‌ಕಾರ್ ಇಲ್ಲದ ಆಂಬಿಯೆಂಟ್ ಮೋಡ್‌ನಲ್ಲಿ ಏನು ಬದಲಾಗುತ್ತದೆ?

ಇಸ್ಟಿಯೊ 1.24ರಲ್ಲಿ, ಅಂದರೆ 2024ರ ನವೆಂಬರ್‌ನಲ್ಲಿ, ಆಂಬಿಯೆಂಟ್ ಮೋಡ್ ಪ್ರೊಡಕ್ಷನ್ ಬಳಕೆಗೆ ಸಿದ್ಧವೆಂದು ಘೋಷಣೆಯಾಯಿತು. ಇದರಲ್ಲಿ ಪ್ರತಿ ನೋಡ್‌ನಲ್ಲಿರುವ ಝಡ್‌ಟನಲ್ ಟಿಸಿಪಿ ಮಟ್ಟದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಎಚ್‌ಟಿಟಿಪಿ ಹೆಡರ್‌ಗಳನ್ನು ಓದುವುದಿಲ್ಲ. ಎಚ್‌ಟಿಟಿಪಿ ಕರೆಗಳ ಸ್ಪ್ಯಾನ್ ಬೇಕಾದ ಸರ್ವಿಸ್‌ಗಳ ಮುಂದೆ ಎಚ್‌ಟಿಟಿಪಿ ಅರ್ಥವಾಗುವ ವೇಪಾಯಿಂಟ್ ಪ್ರಾಕ್ಸಿ ನಿಲ್ಲಿಸಬೇಕು. ಎರಡು ಬದಿಯ ಸ್ಪ್ಯಾನ್‌ಗಳ ಬದಲು ವೇಪಾಯಿಂಟ್‌ನ ದೃಷ್ಟಿಯ ಸ್ಪ್ಯಾನ್ ಸಿಗುವುದರಿಂದ, ಮೇಲೆ ಹೇಳಿದ ಅಂತರದ ಲೆಕ್ಕ ಅಷ್ಟು ನೇರವಾಗಿ ಸಿಗುವುದಿಲ್ಲ. ಸೈಡ್‌ಕಾರ್‌ನಿಂದ ಆಂಬಿಯೆಂಟ್‌ಗೆ ಹೋಗುವ ಮುನ್ನ ಹಳೆಯ ಡ್ಯಾಶ್‌ಬೋರ್ಡ್‌ಗಳು ಯಾವ ಸ್ಪ್ಯಾನ್‌ಗಳನ್ನು ನೆಚ್ಚಿಕೊಂಡಿವೆ ಎಂದು ಪಟ್ಟಿ ಮಾಡಿಕೊಳ್ಳಿ.

ಇಸ್ಟಿಯೊ ಬದಲು ಲಿಂಕರ್‌ಡಿ ಮೆಶ್ ಬಳಸಿದರೆ ಹೆಡರ್ ದಾಟಿಸುವ ಕೆಲಸ ತಪ್ಪುತ್ತದೆಯೇ?

ಇಲ್ಲ. ಅದರ ಪ್ರಾಕ್ಸಿ ಬೇರೆ, ರಸ್ಟ್ ಭಾಷೆಯಲ್ಲಿ ಬರೆದದ್ದು. ಆದರೆ ಒಳಬಂದ ಕರೆಗೂ ಹೊರಟ ಕರೆಗೂ ಇರುವ ನಂಟು ಅದಕ್ಕೂ ಕಾಣುವುದಿಲ್ಲ. ಅಪ್ಲಿಕೇಶನ್ ಹೆಡರ್ ಹೊತ್ತೊಯ್ದರೆ ಮಾತ್ರ ಅದರ ಸ್ಪ್ಯಾನ್‌ಗಳೂ ಒಂದೇ ಟ್ರೇಸ್‌ಗೆ ಸೇರುತ್ತವೆ.